ಹಂಚಿಕೆಯ ಸರ್ವರ್‌ನಲ್ಲಿ ವರ್ಚುವಲ್ ಯಂತ್ರಗಳ ಆದ್ಯತೆ ತಾನಾಗಿಯೇ ಬದಲಾಗಲು: ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಸಣ್ಣ ಕಚೇರಿಗಳ ಸರ್ವರ್‌ಗಳನ್ನು ನೋಡಿಕೊಳ್ಳುವ ನನಗೆ ಮಳೆಗಾಲ ಹಿಡಿದ ಮೇಲೆ ಒಂದೇ ಬಗೆಯ ಕರೆ ಮತ್ತೆ ಮತ್ತೆ ಬರುತ್ತದೆ. ಒಂದೇ ಸರ್ವರ್‌ನ ಶಕ್ತಿಯನ್ನು ಹಂಚಿಕೊಂಡು ಬೇರೆ ಬೇರೆ ಕಂಪ್ಯೂಟರ್‌ಗಳಂತೆ ಓಡುವ ವರ್ಚುವಲ್ ಯಂತ್ರಗಳು ಅಲ್ಲಿರುತ್ತವೆ. ಬೆಳಿಗ್ಗೆ ಒಂಬತ್ತಕ್ಕೆ ಲೆಕ್ಕಪತ್ರದ ಯಂತ್ರದ ಸಿಪಿಯು ಪಾಲನ್ನು ಏರಿಸುವ ಒಂದು ಸ್ಕ್ರಿಪ್ಟ್ (ಆದೇಶಗಳ ಸಣ್ಣ ಕಡತ), ಸಂಜೆ ಆರೂವರೆಗೆ ಇಳಿಸುವ ಇನ್ನೊಂದು ಸ್ಕ್ರಿಪ್ಟ್, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ಎರಡು ಸಾಲು. ಇಷ್ಟು ಮಾಡಿ ಒಂದು ವಾರ ನೆಮ್ಮದಿಯಾಗಿದ್ದವರು ಒಂದು ದಿನ ಬೆಳಿಗ್ಗೆ ಬಿಲ್ ತೆರೆಯುವುದಕ್ಕೇ ಎರಡು ನಿಮಿಷ ಹಿಡಿಯುತ್ತಿದೆ ಎಂದು ಫೋನ್ ಮಾಡುತ್ತಾರೆ. ವಿಚಾರಿಸಿದರೆ 8:45ಕ್ಕೆ ಹೋದ ಕರೆಂಟು 9:20ಕ್ಕೆ ಬಂದಿರುತ್ತದೆ. ಒಂಬತ್ತಕ್ಕೆ ಓಡಬೇಕಿದ್ದ ಸ್ಕ್ರಿಪ್ಟ್ ಓಡುವ ಹೊತ್ತಿನಲ್ಲಿ ಸರ್ವರ್ ನಿಂತಿತ್ತು. ಹಿಂದಿನ ಸಂಜೆಯ ಪಾಲೇ ದಿನವಿಡೀ ಉಳಿದುಬಿಟ್ಟಿತು.

ಆದ್ದರಿಂದ ಈ ಬರಹದ ಉದ್ದಕ್ಕೂ ಒಂದೇ ನಿಯಮವನ್ನು ಪಾಲಿಸುತ್ತೇವೆ. ಸ್ಕ್ರಿಪ್ಟ್ “ಒಂಬತ್ತಾಯಿತು, ಬದಲಾಯಿಸು” ಎನ್ನಬಾರದು, “ಈಗ ಗಂಟೆ ಎಷ್ಟು, ಈ ಹೊತ್ತಿನಲ್ಲಿ ಯಾರಿಗೆ ಎಷ್ಟು ಪಾಲು ಇರಬೇಕು, ಇದೆಯೇ?” ಎಂದು ಐದೈದು ನಿಮಿಷಕ್ಕೊಮ್ಮೆ ಕೇಳಿಕೊಂಡು, ಇಲ್ಲದಿದ್ದರೆ ಮಾತ್ರ ಸರಿಪಡಿಸಬೇಕು.

ಉದಾಹರಣೆಗೆ ಅಡಿಕೆ ವಹಿವಾಟಿನ ಒಂದು ಸಹಕಾರ ಸಂಘದ ಸರ್ವರ್ ಎಂದುಕೊಳ್ಳೋಣ. ಅದರಲ್ಲಿ 8 ಕೋರ್, 64 ಜಿಬಿ ಮೆಮೊರಿ ಇದೆ ಮತ್ತು ವರ್ಚುವಲ್ ಯಂತ್ರಗಳನ್ನು ನಿಭಾಯಿಸುವ ಪ್ರಾಕ್ಸ್‌ಮಾಕ್ಸ್ ತಂತ್ರಾಂಶದ ಮೇಲೆ ಐದು ಯಂತ್ರಗಳು ಓಡುತ್ತಿವೆ: 101 ಲೆಕ್ಕಪತ್ರ, 102 ರಾಶಿ, ಬೆಟ್ಟೆ, ಸರಕು, ಗೊರಬಲುಗಳ ಟೆಂಡರ್ ದತ್ತಸಂಚಯ, 103 ಕಡತಗಳು, 104 ಕ್ಯಾಮೆರಾ ದಾಖಲೆ, 105 ಪರೀಕ್ಷಾ ಯಂತ್ರ. ಆದೇಶಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು.

ಬೇಕಾದ ಸಲಕರಣೆಗಳು

ಪ್ರಾಕ್ಸ್‌ಮಾಕ್ಸ್ 7 ಅಥವಾ ಅದಕ್ಕಿಂತ ಹೊಸ ಆವೃತ್ತಿ, ಮೂಲ ಸರ್ವರ್‌ಗೆ (ವರ್ಚುವಲ್ ಯಂತ್ರಗಳನ್ನು ಓಡಿಸುವ ನಿಜವಾದ ಯಂತ್ರಕ್ಕೆ) ರೂಟ್ ಎಂಬ ಪೂರ್ಣಾಧಿಕಾರದ ಪ್ರವೇಶ, ಪ್ರತಿ ವರ್ಚುವಲ್ ಯಂತ್ರದ ಒಳಗೆ ಗೆಸ್ಟ್ ಏಜೆಂಟ್ (ಮೂಲ ಸರ್ವರ್‌ನ ಮಾತು ಕೇಳುವ ಸಣ್ಣ ತಂತ್ರಾಂಶ), ಯುಎಸ್‌ಬಿ ಮೂಲಕ ಸರ್ವರ್‌ಗೆ ಮಾತನಾಡಬಲ್ಲ ಯುಪಿಎಸ್, ಮತ್ತು ಪರೀಕ್ಷೆಗೆ ಸ್ಟ್ರೆಸ್-ಎನ್‌ಜಿ ಎಂಬ ಉಚಿತ ತಂತ್ರಾಂಶ. 7ನೇ ಆವೃತ್ತಿ ಎಂದು ಹೇಳಿದ್ದಕ್ಕೆ ಕಾರಣವಿದೆ: ಅಲ್ಲಿಂದ ಸಂಪನ್ಮೂಲ ಹಂಚುವ ಲಿನಕ್ಸ್‌ನ ಸಿಗ್ರೂಪ್ ವ್ಯವಸ್ಥೆಯ ಎರಡನೆಯ ಆವೃತ್ತಿ ಸಹಜ ಆಯ್ಕೆಯಾಗಿದ್ದು, ಸಿಪಿಯು ಯೂನಿಟ್ಸ್ (ಯಂತ್ರದ ಸಿಪಿಯು ಪಾಲು) ನಾವು ಬದಲಾಯಿಸದಿದ್ದರೆ 1024ರ ಬದಲು 100 ಆಗಿರುತ್ತದೆ. ಹಳೆಯ ಟಿಪ್ಪಣಿಗಳನ್ನು ನೋಡಿ 1024 ಎಂದು ಬರೆದವರು ತಾವು ಸಾಮಾನ್ಯ ಪಾಲು ಕೊಟ್ಟೆವೆಂದು ತಿಳಿಯುತ್ತಾರೆ. ನಿಜವಾಗಿ ಹತ್ತು ಪಟ್ಟು ಕೊಟ್ಟಿರುತ್ತಾರೆ.

ಹಂತ 1: ಕೈ ಹಾಕುವ ಮೊದಲು ಅಳೆಯಿರಿ

ನಿಧಾನವಾಗಿದೆ ಎಂಬ ದೂರಿಗೆ ಮೂರು ಮೂಲಗಳಿರಬಹುದು: ಸಿಪಿಯು, ಡಿಸ್ಕ್, ಮೆಮೊರಿ. ಮೂರಕ್ಕೂ ಮದ್ದು ಬೇರೆ ಬೇರೆ. ಮೂಲ ಸರ್ವರ್‌ನ ಪ್ರಾಕ್ ಕೋಶದಲ್ಲಿರುವ (ಫೋಲ್ಡರ್) ಪ್ರೆಶರ್ ಎಂಬ ಉಪಕೋಶದಲ್ಲಿ ಸಿಪಿಯು, ಐಓ (ಡಿಸ್ಕಿನ ಓದು-ಬರಹ), ಮೆಮೊರಿ ಎಂಬ ಮೂರು ಕಡತಗಳಿವೆ. ಪ್ರತಿಯೊಂದರಲ್ಲಿಯೂ ಕಳೆದ 10, 60 ಮತ್ತು 300 ಸೆಕೆಂಡುಗಳಲ್ಲಿ ಯಾವುದಾದರೊಂದು ಕೆಲಸ ಆ ಸಂಪನ್ಮೂಲಕ್ಕಾಗಿ ಕಾದು ನಿಂತ ಸಮಯದ ಶೇಕಡಾ ಪ್ರಮಾಣ ಇರುತ್ತದೆ. ದೂರು ಬರುವ ಹೊತ್ತಿನಲ್ಲಿಯೇ ಮೂರನ್ನೂ ಓದಿ ಬರೆದಿಟ್ಟುಕೊಳ್ಳಿ. ಲಿನಕ್ಸ್ ಯಂತ್ರಗಳ ಒಳಗೆ ಟಾಪ್ ಆದೇಶ ತೋರಿಸುವ ಎಸ್‌ಟಿ ಎಂಬ ಅಂಕಿಯನ್ನೂ ನೋಡಿ. ಯಂತ್ರ ಸಿಪಿಯು ಕೇಳಿದ್ದರೂ ಮೂಲ ಸರ್ವರ್ ಬೇರೆಯವರಿಗೆ ಕೊಟ್ಟ ಸಮಯ ಅದು.

ನನ್ನ ಅನುಭವದಲ್ಲಿ ಸಿಪಿಯು ಮೇಲೆ ಬರುವ ದೂರುಗಳಲ್ಲಿ ಹೆಚ್ಚಿನವು ಡಿಸ್ಕಿನ ದೂರುಗಳೇ. ಐಓ ಅಂಕಿ 30 ದಾಟಿ ಸಿಪಿಯು ಅಂಕಿ ಎರಡೋ ಮೂರೋ ಇದ್ದರೆ, ಸಿಪಿಯು ಪಾಲನ್ನು ಎಷ್ಟು ಏರಿಸಿದರೂ ಏನೂ ಆಗುವುದಿಲ್ಲ; ನೇರವಾಗಿ ಹಂತ 4ಕ್ಕೆ ಹೋಗಿ.

ಹಂತ 2: ಮೂರೇ ದರ್ಜೆ, ಅದೂ ಕಾಗದದ ಮೇಲೆ

ಯಾವ ಯಂತ್ರ ನಿಧಾನವಾದರೆ ಕೌಂಟರ್ ಮುಂದೆ ಜನ ನಿಲ್ಲುತ್ತಾರೆ, ಯಾವುದು ನಿಧಾನವಾದರೆ ಗೊಣಗಾಟ ಮಾತ್ರ, ಯಾವುದು ನಿಂತರೂ ಸಂಜೆಯವರೆಗೆ ಯಾರಿಗೂ ತಿಳಿಯುವುದಿಲ್ಲ ಎಂದು ಕೇಳಿ, ಮೇಲು, ನಡು, ಕೆಳಗು ಎಂದು ವಿಂಗಡಿಸಿ. ಏಳೆಂಟು ದರ್ಜೆ ಮಾಡಿದವರು ಆರು ತಿಂಗಳ ನಂತರ ಯಾವುದು ಏಕೆ ಎಂದು ತಾವೇ ಮರೆತಿರುತ್ತಾರೆ. ದರ್ಜೆ ಗಂಟೆಯ ಪ್ರಕಾರ ಬದಲಾಗುವುದಾದರೆ ಅದನ್ನೂ ಬರೆಯಿರಿ: ಟೆಂಡರ್ ಯಂತ್ರಕ್ಕೆ ಮಧ್ಯಾಹ್ನ ಮೂರರ ನಂತರ ಮೇಲಿನ ದರ್ಜೆ ಬೇಡ, ಕಡತಗಳ ಯಂತ್ರಕ್ಕೆ ಶಾಖೆಗಳ ಪ್ರತಿ ಇಳಿಸಿಕೊಳ್ಳುವ ರಾತ್ರಿಯಲ್ಲಿ ಸ್ವಲ್ಪ ಹೆಚ್ಚು ಬೇಕು, ಇತ್ಯಾದಿ.

ಹಂತ 3: ಸಿಪಿಯು ಪಾಲು

ಹಳ್ಳದ ನೀರನ್ನು ತೋಟಗಳಿಗೆ ಪಾಲಿನಂತೆ ಬಿಡುವುದನ್ನು ನೋಡಿದವರಿಗೆ ಇದು ಕಷ್ಟವಲ್ಲ. ಸಿಪಿಯು ಯೂನಿಟ್ಸ್ ಎಂಬುದು ಎಲ್ಲರಿಗೂ ಒಟ್ಟಿಗೆ ನೀರು ಬೇಕಾದಾಗ ಯಾರಿಗೆ ಎಷ್ಟು ಎಂಬ ಪಾಲು. ಪಕ್ಕದ ತೋಟದವರು ಇಂದು ನೀರು ತೆಗೆದುಕೊಳ್ಳದಿದ್ದರೆ ಅವರ ಪಾಲು ಉಳಿದವರಿಗೆ ಹರಿಯುತ್ತದೆ. ಸಿಪಿಯು ಲಿಮಿಟ್ ಎಂಬುದು ಕಾಲುವೆಗೆ ಅಡ್ಡ ಇಟ್ಟ ಹಲಗೆ; ಹಳ್ಳ ತುಂಬಿ ಹರಿಯುತ್ತಿದ್ದರೂ ಅದು ಬಿಡುವುದಿಲ್ಲ. ಪಾಲಿನಿಂದ ಆಗುವ ಕೆಲಸಕ್ಕೆ ಹಲಗೆ ಹಾಕಬೇಡಿ.

ಹಗಲಿನಲ್ಲಿ 101 ಮತ್ತು 102ಕ್ಕೆ ತಲಾ 400, 103 ಮತ್ತು 104ಕ್ಕೆ ತಲಾ 100, 105ಕ್ಕೆ 25 ಎಂದಿಟ್ಟರೆ ಮೊತ್ತ 1025. ಐದೂ ಯಂತ್ರಗಳು ಒಮ್ಮೆಲೇ ಬಾಯಿ ತೆರೆದರೆ ಲೆಕ್ಕಪತ್ರದ ಯಂತ್ರಕ್ಕೆ ನೂರಕ್ಕೆ 39ರಷ್ಟು, ಅಂದರೆ 8 ಕೋರ್‌ಗಳಲ್ಲಿ ಮೂರಕ್ಕಿಂತ ತುಸು ಹೆಚ್ಚು ಸಿಗುತ್ತದೆ. ಆದರೆ ಆ ಯಂತ್ರಕ್ಕೆ ಎರಡೇ ವರ್ಚುವಲ್ ಕೋರ್ ಕೊಟ್ಟಿದ್ದರೆ ಎರಡಕ್ಕಿಂತ ಹೆಚ್ಚು ಅದು ಬಳಸಲಾರದು. ಪಾಲು ಎಷ್ಟಿದ್ದರೂ ವ್ಯರ್ಥ. ಪಾಲು ಇಡೀ ಯಂತ್ರಕ್ಕೆ ಸೇರಿದ್ದು, ಅದರ ಪ್ರತಿ ಕೋರ್‌ಗೆ ಅಲ್ಲ ಎಂಬುದನ್ನೂ ಗಮನಿಸಬೇಕು.

ಬದಲಾಯಿಸುವ ಆದೇಶ ಚಿಕ್ಕದು: ಕ್ಯೂಎಂ ಸೆಟ್ 101, ನಂತರ ಎರಡು ಅಡ್ಡಗೆರೆಗಳೊಂದಿಗೆ ಸಿಪಿಯುಯೂನಿಟ್ಸ್, ನಂತರ 400. ಓಡುತ್ತಿರುವ ಯಂತ್ರಕ್ಕೆ ಇದು ಕೂಡಲೇ ಅನ್ವಯಿಸುತ್ತದೆ, ನಿಲ್ಲಿಸಿ ಹಚ್ಚಬೇಕಾಗಿಲ್ಲ. ನಿಜವಾಗಿ ಅನ್ವಯಿಸಿತೇ ಎಂದು ತಿಳಿಯಲು ಸಿಗ್ರೂಪ್ ಕೋಶದ ಕೆಳಗೆ ಕ್ಯೂಇಎಂಯು ಸ್ಲೈಸ್, ಅದರೊಳಗೆ 101ರ ಸ್ಕೋಪ್, ಅದರೊಳಗಿನ ಸಿಪಿಯು ವೇಟ್ ಕಡತವನ್ನು ಓದಿ. ಪರದೆಯ ಮೇಲಿನ ಅಂಕಿಗಿಂತ ಈ ಕಡತದ ಅಂಕಿಯನ್ನೇ ನಂಬಿ.

ಹಂತ 4: ಡಿಸ್ಕ್

ಇಲ್ಲಿ ಪಾಲಿನ ಸೌಕರ್ಯವನ್ನು ಪ್ರಾಕ್ಸ್‌ಮಾಕ್ಸ್ ಕೊಡುವುದಿಲ್ಲ. ಮಿತಿ ಮಾತ್ರ ಇದೆ. ಆದ್ದರಿಂದ ಮೇಲಿನ ದರ್ಜೆಯನ್ನು ಏರಿಸುವ ಬದಲು ಕೆಳಗಿನ ದರ್ಜೆಗೆ ಮಿತಿ ಹಾಕುತ್ತೇವೆ. ತಿರುಗುವ ಡಿಸ್ಕ್ ಒಂದು ಸೆಕೆಂಡಿಗೆ ಚದುರಿದ ಓದು-ಬರಹ ನೂರರ ಆಸುಪಾಸಿನಲ್ಲಿ ಮಾತ್ರ ಮಾಡಬಲ್ಲದು ಎಂಬುದನ್ನು ಮನಸ್ಸಿನಲ್ಲಿಟ್ಟರೆ, ಪರೀಕ್ಷಾ ಯಂತ್ರವೊಂದು ತನ್ನ ಅಪ್‌ಡೇಟ್ ಇಳಿಸಿಕೊಳ್ಳುವಾಗ ಲೆಕ್ಕಪತ್ರ ಏಕೆ ಮರಗಟ್ಟುತ್ತದೆ ಎಂಬುದು ತಿಳಿಯುತ್ತದೆ. ಅಂಥ ಡಿಸ್ಕಿನಲ್ಲಿ ಪರೀಕ್ಷಾ ಯಂತ್ರಕ್ಕೆ ಓದು, ಬರಹ ಎರಡಕ್ಕೂ ಸೆಕೆಂಡಿಗೆ ತಲಾ 20 ಬಾರಿಯ ಮಿತಿ ಹಾಕಿ. ಕ್ಯಾಮೆರಾ ಯಂತ್ರ ಹಗಲು ರಾತ್ರಿ ಬರೆಯುತ್ತಲೇ ಇರುವುದರಿಂದ ಅದಕ್ಕೆ ಮಿತಿ ಹಾಕಿದರೆ ದೃಶ್ಯಗಳು ತುಂಡಾಗುತ್ತವೆ. ಅದನ್ನು ಬೇರೆ ಡಿಸ್ಕಿಗೆ ಸಾಗಿಸುವುದೊಂದೇ ದಾರಿ, ಮತ್ತು ಸಂಘದವರಿಗೆ ಡಿಸ್ಕಿನ ಖರ್ಚನ್ನು ಒಪ್ಪಿಸುವುದು ಈ ಇಡೀ ಕೆಲಸದಲ್ಲಿ ಕಷ್ಟದ ಭಾಗ.

ಮಿತಿಯನ್ನು ಒಮ್ಮೆ ಪರದೆಯ ಮೂಲಕ, ಡಿಸ್ಕ್ ತಿದ್ದುವ ಕಿಟಕಿಯ ಬ್ಯಾಂಡ್‌ವಿಡ್ತ್ ಪುಟದಲ್ಲಿ ಹಾಕಿ ಬಿಟ್ಟುಬಿಡಿ. ಇದನ್ನು ಸ್ಕ್ರಿಪ್ಟ್‌ಗೆ ಸೇರಿಸಬೇಡಿ. ಕಾರಣ ಇಷ್ಟೇ: ಕ್ಯೂಎಂ ಸೆಟ್ ಮೂಲಕ ಡಿಸ್ಕಿನ ಸಾಲನ್ನು ಬದಲಾಯಿಸುವಾಗ ಇಡೀ ಸಾಲು ಹೊಸದಾಗಿ ಬರೆಯಲ್ಪಡುತ್ತದೆ. ಮಿತಿಯನ್ನಷ್ಟೇ ಬರೆದು ಡಿಸ್ಕಾರ್ಡ್ (ಅಳಿಸಿದ ಜಾಗವನ್ನು ಹಿಂದಿರುಗಿಸುವುದು), ಕ್ಯಾಶ್ ಮುಂತಾದ ಹಳೆಯ ಆಯ್ಕೆಗಳನ್ನು ಮತ್ತೆ ಬರೆಯದಿದ್ದರೆ ಅವೆಲ್ಲ ಸದ್ದಿಲ್ಲದೆ ಅಳಿಸಿಹೋಗುತ್ತವೆ. ಒಂದು ಕಡೆ ನಾನೇ ಹೀಗೆ ಮಾಡಿ, ಡಿಸ್ಕ್ ಏಕೆ ತುಂಬುತ್ತಿದೆ ಎಂದು ಹುಡುಕಲು ಒಂದು ತಿಂಗಳು ಕಳೆದಿದ್ದೇನೆ.

ಬ್ಯಾಕಪ್ ವರ್ಚುವಲ್ ಯಂತ್ರದ ಒಳಗಿನ ಕೆಲಸವಲ್ಲ, ಮೂಲ ಸರ್ವರ್‌ನ ಕೆಲಸ; ಅದರ ವೇಗವನ್ನು ಇಟಿಸಿ ಕೋಶದ ವಿಝಡ್‌ಡಂಪ್ ಕಾನ್ಫ್ ಕಡತದಲ್ಲಿ ಬಿಡಬ್ಲ್ಯುಲಿಮಿಟ್ ಎಂಬ ಸಾಲಿನಿಂದ ತಗ್ಗಿಸಬೇಕು. ಅಲ್ಲಿನ ಅಂಕಿ ಸೆಕೆಂಡಿಗೆ ಕಿಲೋಬೈಟ್ ಲೆಕ್ಕದಲ್ಲಿದೆ. 50 ಎಂಬಿ ಬೇಕೆಂದು 50 ಎಂದು ಬರೆದರೆ ಬ್ಯಾಕಪ್ ಮುಂದಿನ ಸುಗ್ಗಿಗೂ ಮುಗಿಯುವುದಿಲ್ಲ. 51200 ಎಂದು ಬರೆಯಿರಿ. ಅದೇ ಕಡತದಲ್ಲಿ ಡಿಸ್ಕಿನ ಆದ್ಯತೆ ಹೇಳುವ ಐಓನೈಸ್ ಸಾಲನ್ನು ನೆಚ್ಚಿಕೊಳ್ಳಬೇಡಿ. ಡಿಸ್ಕಿನ ಸರದಿ ಹಂಚುವ ಬಿಎಫ್‌ಕ್ಯೂ ಶೆಡ್ಯೂಲರ್ ಇಲ್ಲದ ಡಿಸ್ಕಿನ ಮೇಲೆ ಅದಕ್ಕೆ ಪರಿಣಾಮವಿಲ್ಲ, ಇದ್ದರೂ ಓಡುತ್ತಿರುವ ಯಂತ್ರದ ಬ್ಯಾಕಪ್‌ನಲ್ಲಿ ಕುಗ್ಗಿಸುವ ಕೆಲಸಕ್ಕಷ್ಟೇ ಅದು ತಾಗುತ್ತದೆ.

ಹಂತ 5: ಮೆಮೊರಿ

ಮೆಮೊರಿಯನ್ನು ಗಂಟೆಗೊಮ್ಮೆ ಕೊಟ್ಟು ಕಸಿದುಕೊಳ್ಳುವ ಯೋಜನೆ ಬೇಡ. ಎಲ್ಲ ಯಂತ್ರಗಳ ಗರಿಷ್ಠ ಮೆಮೊರಿಯ ಮೊತ್ತ 64 ಜಿಬಿಯ ಒಳಗೇ ಇರಲಿ, ಮೂಲ ಸರ್ವರ್‌ಗೂ ಸ್ವಲ್ಪ ಉಳಿಯಲಿ. ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಬಳಸುವವರು ಅದರ ಕ್ಯಾಶ್ ಎಷ್ಟು ತಿನ್ನಬಹುದೆಂಬ ಮೇಲ್ಮಿತಿಯನ್ನು ತಾವೇ ನಿಗದಿಪಡಿಸಬೇಕು; ಹಳೆಯ ಸ್ಥಾಪನೆಗಳಲ್ಲಿ ಅದು ಅರ್ಧದಷ್ಟು ಮೆಮೊರಿಯವರೆಗೂ ಬೆಳೆಯುತ್ತದೆ.

ಮೂಲ ಸರ್ವರ್‌ನ ಬಳಕೆ ಶೇ. 80 ತಲುಪಿದಾಗ ಬಲೂನ್ ಚಾಲಕದ (ಯಂತ್ರದೊಳಗಿಂದ ಮೆಮೊರಿ ಬಿಡಿಸಿಕೊಡುವ ತಂತ್ರಾಂಶದ) ಮೂಲಕ ಯಂತ್ರಗಳಿಂದ ಮೆಮೊರಿ ಹಿಂದಕ್ಕೆ ಪಡೆಯುವ ವ್ಯವಸ್ಥೆ ಮೊದಲೇ ಇದೆ. ದತ್ತಸಂಚಯದ ಯಂತ್ರ 102ರಲ್ಲಿ ಬಲೂನ್ ಅನ್ನು ಸೊನ್ನೆ ಮಾಡಿ ಅದನ್ನು ಈ ಆಟದಿಂದ ಹೊರಗಿಡಿ. ಪರೀಕ್ಷಾ ಯಂತ್ರಕ್ಕೆ ಕನಿಷ್ಠವನ್ನು ಕಡಿಮೆ ಇಟ್ಟು, ಮೆಮೊರಿಯ ಪಾಲು ಹೇಳುವ ಶೇರ್ಸ್ ಅಂಕಿಯನ್ನು ಮೊದಲೇ ಇರುವ 1000ದಿಂದ 200ಕ್ಕೆ ಇಳಿಸಿ. ವಿಂಡೋಸ್ ಯಂತ್ರಗಳಲ್ಲಿ ವರ್ಟ್‌ಐಓ ಬಲೂನ್ ಚಾಲಕವನ್ನು ಸ್ಥಾಪಿಸದಿದ್ದರೆ ಇದಾವುದೂ ನಡೆಯುವುದಿಲ್ಲ.

ಹಂತ 6: ನಿಯಮಗಳ ಪಟ್ಟಿ ಮತ್ತು ಸ್ಕ್ರಿಪ್ಟ್

ಮೊದಲು ಪಟ್ಟಿ. ಯಂತ್ರದ ಸಂಖ್ಯೆ, ಆರಂಭದ ಗಂಟೆ, ಮುಕ್ತಾಯದ ಗಂಟೆ, ಪಾಲು. ಇಷ್ಟೇ ಇರುವ ಸರಳ ಪಠ್ಯ ಕಡತ ಸಾಕು.

101 0900 1830 400
101 0000 2400 100
102 0900 1500 400
102 0000 2400 100
103 2200 0400 200
103 0000 2400 100
105 0900 1830 25
105 0000 2400 100

ಒಂದು ಯಂತ್ರಕ್ಕೆ ಮೇಲಿನಿಂದ ಕೆಳಗೆ ನೋಡುವಾಗ ಮೊದಲು ಹೊಂದಿದ ಸಾಲೇ ಅಂತಿಮ. ಪ್ರತಿ ಯಂತ್ರದ ಕೊನೆಯ ಸಾಲು ಇಡೀ ದಿನವನ್ನು ಆವರಿಸುವುದರಿಂದ ಯಾವ ಗಂಟೆಯೂ ನಿಯಮವಿಲ್ಲದೆ ಉಳಿಯುವುದಿಲ್ಲ. ಪಟ್ಟಿಯಲ್ಲಿ ಇಲ್ಲದ 104ನ್ನು ಸ್ಕ್ರಿಪ್ಟ್ ಮುಟ್ಟುವುದಿಲ್ಲ.

ಸ್ಕ್ರಿಪ್ಟ್ ಮಾಡಬೇಕಾದ ಕೆಲಸದ ಅನುಕ್ರಮ ಹೀಗಿರಲಿ. ಎಫ್‌ಲಾಕ್ ಮೂಲಕ ಬೀಗ ಹಿಡಿಯಬೇಕು. ಹಿಂದಿನ ಓಟ ಇನ್ನೂ ಮುಗಿದಿಲ್ಲವಾದರೆ ಸುಮ್ಮನೆ ಹೊರಬರಬೇಕು. ಗಡಿಯಾರದ ವರ್ಷ ಅಸಂಬದ್ಧವಾಗಿದ್ದರೆ ಏನನ್ನೂ ಮಾಡದೆ ನಿಲ್ಲಬೇಕು. ಪಟ್ಟಿಯಿಂದ ಪ್ರತಿ ಯಂತ್ರದ ಇರಬೇಕಾದ ಪಾಲನ್ನು ತೆಗೆಯಬೇಕು. ಕ್ಯೂಎಂ ಕಾನ್ಫಿಗ್ ಮೂಲಕ ಇರುವ ಪಾಲನ್ನು ಓದಬೇಕು. ಎರಡೂ ಬೇರೆಯಾಗಿದ್ದರೆ ಮಾತ್ರ ಕ್ಯೂಎಂ ಸೆಟ್ ಓಡಿಸಿ, ಹಳೆಯ ಅಂಕಿ, ಹೊಸ ಅಂಕಿ, ಫಲಿತಾಂಶ ಮೂರನ್ನೂ ಲಾಗರ್ ಆದೇಶದಿಂದ ದಾಖಲಿಸಬೇಕು.

ಜನರು ಎಡವುವ ಜಾಗಗಳು ಇಲ್ಲಿಯೇ ಹೆಚ್ಚು, ಆದ್ದರಿಂದ ಸ್ವಲ್ಪ ನಿಲ್ಲುತ್ತೇನೆ.

ಸೊನ್ನೆಯಿಂದ ಆರಂಭವಾಗುವ ಸಂಖ್ಯೆಯನ್ನು, ಸ್ಕ್ರಿಪ್ಟ್ ಓಡಿಸುವ ಬ್ಯಾಶ್ ತನ್ನ ಜೋಡಿ ಆವರಣಗಳ ಲೆಕ್ಕದಲ್ಲಿ ಅಷ್ಟಮಾನ ಪದ್ಧತಿಯದೆಂದು ಓದುತ್ತದೆ. 0745 ಅದಕ್ಕೆ ಬೇರೆ ಸಂಖ್ಯೆ. 0830, 0900ಗಳಂತೂ ಸಂಖ್ಯೆಗಳೇ ಅಲ್ಲ, ಏಕೆಂದರೆ ಅಷ್ಟಮಾನದಲ್ಲಿ 8 ಮತ್ತು 9 ಎಂಬ ಅಂಕಿಗಳಿಲ್ಲ. ರಾತ್ರಿ ಕುಳಿತು ಬರೆದ ಸ್ಕ್ರಿಪ್ಟ್ ಪರೀಕ್ಷೆಯಲ್ಲಿ ಗೆದ್ದು, ಕಚೇರಿ ತೆರೆಯುವ ಹೊತ್ತಿಗೆ ಸರಿಯಾಗಿ ಸೋಲುವುದು ಇದರಿಂದ. ಹೋಲಿಸುವ ಮೊದಲು ಪ್ರತಿ ಗಂಟೆಯ ಅಂಕಿಯ ಎಡಕ್ಕೆ 10# ಎಂದು ಸೇರಿಸಿದರೆ ದಶಮಾನದಲ್ಲಿ ಓದುತ್ತದೆ.

ನಡುರಾತ್ರಿ ದಾಟುವ ಸಾಲಿಗೆ ಬೇರೆ ತರ್ಕ ಬೇಕು. 2200ರಿಂದ 0400 ಎಂಬಲ್ಲಿ ಆರಂಭವು ಮುಕ್ತಾಯಕ್ಕಿಂತ ದೊಡ್ಡದು. ಹಾಗಿದ್ದಾಗ ಈಗಿನ ಗಂಟೆ ಆರಂಭಕ್ಕಿಂತ ಹೆಚ್ಚು ಅಥವಾ ಸಮ, ಇಲ್ಲವೇ ಮುಕ್ತಾಯಕ್ಕಿಂತ ಕಡಿಮೆ ಇದ್ದರೆ ಸಾಲು ಹೊಂದಿತೆಂದು ತಿಳಿಯಬೇಕು.

ಪಾಲನ್ನು ಎಂದೂ ಬದಲಾಯಿಸದ ಯಂತ್ರದ ಕಾನ್ಫಿಗ್‌ನಲ್ಲಿ ಸಿಪಿಯುಯೂನಿಟ್ಸ್ ಸಾಲೇ ಇರುವುದಿಲ್ಲ. ಖಾಲಿ ಉತ್ತರ ಬಂದರೆ 100 ಎಂದು ಓದಿಕೊಳ್ಳಿ.

ಬ್ಯಾಕಪ್ ನಡೆಯುತ್ತಿರುವ ಯಂತ್ರಕ್ಕೆ ಬೀಗ ಬಿದ್ದಿರುತ್ತದೆ, ಆಗ ಕ್ಯೂಎಂ ಸೆಟ್ ವಿಫಲವಾಗುತ್ತದೆ. ಎರಡು ಸ್ಕ್ರಿಪ್ಟ್‌ಗಳ ಹಳೆಯ ಪದ್ಧತಿ ಕರೆಂಟು ಹೋಗದ ದಿನವೂ ಕೈಕೊಡುತ್ತಿದ್ದುದು ಇದರಿಂದಲೇ: ರಾತ್ರಿಯ ಬ್ಯಾಕಪ್ 9:10ರವರೆಗೆ ಎಳೆದರೆ 9:00ರ ಬದಲಾವಣೆ ಬಿದ್ದುಹೋಗುತ್ತಿತ್ತು. ನಮ್ಮ ಸ್ಕ್ರಿಪ್ಟ್ ಸೋಲನ್ನು ದಾಖಲಿಸಿ ಮುಂದಿನ ಯಂತ್ರಕ್ಕೆ ಹೋಗಲಿ. ಐದು ನಿಮಿಷದ ನಂತರ ಹೇಗೂ ಮತ್ತೆ ಕೇಳುತ್ತದೆ. ಬೀಗ ಮುರಿಯುವ ಆಯ್ಕೆಯನ್ನು ಮಾತ್ರ ಎಂದಿಗೂ ಬಳಸಬೇಡಿ.

ಯಂತ್ರ ಹೊರಡುವಾಗ, ನಿಲ್ಲುವಾಗ ತಾನಾಗಿ ಓಡುವ ಹುಕ್ ಸ್ಕ್ರಿಪ್ಟ್‌ನಲ್ಲಿ ಇದನ್ನು ಮಾಡಬಹುದಲ್ಲವೇ ಎಂದು ಹಲವರು ಕೇಳುತ್ತಾರೆ. ಯಂತ್ರ ಹೊರಡುವಾಗ ಅದರ ಕಾನ್ಫಿಗ್‌ಗೆ ಬೀಗ ಬಿದ್ದಿರುವುದರಿಂದ, ಹುಕ್ ಒಳಗಿಂದ ಅದೇ ಯಂತ್ರಕ್ಕೆ ಕ್ಯೂಎಂ ಸೆಟ್ ಕರೆದರೆ ಅದು ಬೀಗಕ್ಕಾಗಿ ಕಾದು ಸೋಲುತ್ತದೆ. ಆರಂಭಕ್ಕೆ ಮುಂಚಿನ ಹುಕ್ ಸೋಲನ್ನು ವರದಿ ಮಾಡಿದರೆ ಯಂತ್ರವೇ ಹೊರಡುವುದಿಲ್ಲ. ಪಾಲು ಸರಿಯಿಲ್ಲದೆ ಓಡುವ ಯಂತ್ರ ಓಡದೇ ಇರುವ ಯಂತ್ರಕ್ಕಿಂತ ಮೇಲು, ಹುಕ್ ಬೇಡ.

ಎರಡು ಸರ್ವರ್‌ಗಳನ್ನು ಒಟ್ಟುಗೂಡಿಸಿ ಕ್ಲಸ್ಟರ್ ಕಟ್ಟಿದವರಿಗೆ ಒಂದು ಮಾತು: ಒಂದು ಸರ್ವರ್ ನಿಂತು ಕೋರಂ (ಸರ್ವರ್‌ಗಳ ಬಹುಮತ) ತಪ್ಪಿದಾಗ ಕಾನ್ಫಿಗ್ ಕೋಶ ಓದುವುದಕ್ಕಷ್ಟೇ ತೆರೆದಿರುತ್ತದೆ, ಆಗ ಯಾವ ಪಾಲೂ ಬದಲಾಗದು.

ಹಂತ 7: ಟೈಮರ್

ಲಿನಕ್ಸ್‌ನಲ್ಲಿ ಕೆಲಸಗಳನ್ನು ಆರಂಭಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿಯ ಸರ್ವಿಸ್ ಕಡತದಲ್ಲಿ ಬಗೆ ಒನ್‌ಶಾಟ್ (ಒಮ್ಮೆ ಓಡಿ ಮುಗಿಯುವುದು) ಎಂದಿರಲಿ. ಟೈಮರ್ ಕಡತದಲ್ಲಿ ಎರಡು ಸಾಲು: ಆನ್‌ಬೂಟ್‌ಸೆಕ್ 2 ನಿಮಿಷ, ಆನ್‌ಕ್ಯಾಲೆಂಡರ್ *:0/5. ಕರೆಂಟು ಬಂದ ಎರಡು ಮೂರು ನಿಮಿಷದಲ್ಲಿ ಒಮ್ಮೆ, ನಂತರ ಐದೈದು ನಿಮಿಷಕ್ಕೆ ಒಮ್ಮೆ ಓಡುತ್ತದೆ. ಟೈಮರನ್ನು ಎನೇಬಲ್ ಮಾಡಬೇಕು, ಸರ್ವಿಸನ್ನು ಅಲ್ಲ. ಇದನ್ನು ತಿರುಗಾಮುರುಗಾ ಮಾಡಿದವರನ್ನು ಬಹಳ ನೋಡಿದ್ದೇನೆ. ಕ್ರಾನೇ ಬೇಕೆನ್ನುವವರು ಕ್ಯೂಎಂ ಆದೇಶದ ಪೂರ್ಣ ಹಾದಿಯನ್ನು ಬರೆಯಬೇಕು, ಏಕೆಂದರೆ ಅದು ಯುಎಸ್‌ಆರ್ ಎಸ್‌ಬಿನ್ ಕೋಶದಲ್ಲಿದೆ ಮತ್ತು ಬಳಕೆದಾರರ ಕ್ರಾನ್ ಸಾಮಾನ್ಯವಾಗಿ ಅಲ್ಲಿ ಹುಡುಕುವುದಿಲ್ಲ.

ಗಡಿಯಾರದ ವಿಷಯ ಮಲೆನಾಡಿನಲ್ಲಿ ಕಡೆಗಣಿಸುವಂಥದ್ದಲ್ಲ. ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರೆ ಕರೆಂಟು ಬಂದಾಗ ಸರ್ವರ್ ಯಾವುದೋ ಹಳೆಯ ದಿನಾಂಕದಲ್ಲಿ ಕಣ್ಣು ಬಿಡುತ್ತದೆ. ಗಾಳಿಗೆ ಮರ ಬಿದ್ದು ಫೈಬರ್ ತುಂಡಾಗಿದ್ದರೆ ಇಂಟರ್ನೆಟ್‌ನಿಂದ ಸಮಯ ಸರಿಪಡಿಸಿಕೊಳ್ಳಲೂ ಆಗುವುದಿಲ್ಲ. ವರ್ಷವನ್ನು ಪರೀಕ್ಷಿಸಿ ನಿಲ್ಲುವ ಸಾಲು ಇದಕ್ಕಾಗಿಯೇ. ಮೇ ತಿಂಗಳ ಒಳಗೆ ಆ ಬ್ಯಾಟರಿಯನ್ನೂ ಬದಲಾಯಿಸಿಬಿಡಿ.

ಹಂತ 8: ಕರೆಂಟು ಹೋದಾಗ

ಯುಪಿಎಸ್ ಮೇಲೆ ಓಡುವಾಗ ಆದ್ಯತೆ ಎಂದರೆ ಪಾಲಲ್ಲ, ಯಾರು ಮೊದಲು ಮಲಗಬೇಕು ಎಂಬುದು. ಯುಪಿಎಸ್ ಅನ್ನು ಗಮನಿಸುವ ನಟ್ ಎಂಬ ತಂತ್ರಾಂಶದ ಯುಪಿಎಸ್‌ಮಾನ್ ಭಾಗವು ಬ್ಯಾಟರಿಗೆ ಬಂದದ್ದನ್ನು ಗುರುತಿಸಿದಾಗ ರನ್ ಕೋಶದಲ್ಲಿ ಒಂದು ಗುರುತಿನ ಕಡತ ಇಡುವಂತೆ, ಕರೆಂಟು ಬಂದಾಗ ಅಳಿಸುವಂತೆ ಮಾಡಿ. ನಮ್ಮ ಸ್ಕ್ರಿಪ್ಟ್ ಆ ಕಡತವನ್ನು ಕಂಡರೆ ಕೆಳಗಿನ ದರ್ಜೆಯ ಯಂತ್ರವನ್ನು ಕ್ಯೂಎಂ ಶಟ್‌ಡೌನ್ ಮೂಲಕ ಮಲಗಿಸಿ, ತಾನು ಮಲಗಿಸಿದ್ದರ ಸಂಖ್ಯೆಯನ್ನು ಬರೆದಿಡಲಿ. ಕರೆಂಟು ಬಂದ ಮೇಲೆ ಆ ಪಟ್ಟಿಯಲ್ಲಿರುವುದನ್ನು ಮಾತ್ರ ಎಬ್ಬಿಸಲಿ. ಪಟ್ಟಿ ಇಲ್ಲದೆ ನಿಂತಿರುವುದನ್ನೆಲ್ಲ ಎಬ್ಬಿಸಿದರೆ, ಯಾರೋ ದುರಸ್ತಿಗೆಂದು ಬೇಕಂತಲೇ ನಿಲ್ಲಿಸಿದ ಯಂತ್ರವೂ ಎದ್ದು ಕೂರುತ್ತದೆ.

ಇನ್ನು ಇಡೀ ಸರ್ವರ್ ಮಲಗುವ ಹೊತ್ತು. ಸ್ಟಾರ್ಟಪ್ ಆರ್ಡರ್‌ನಲ್ಲಿ 102ಕ್ಕೆ 1, 101ಕ್ಕೆ 2, 103 ಮತ್ತು 104ಕ್ಕೆ 3 ಎಂದು ಕೊಡಿ. ಏಳುವಾಗ ಈ ಕ್ರಮ, ಮಲಗುವಾಗ ಇದರ ಹಿಮ್ಮುಖ. ಒಂದೇ ಅಂಕಿಯವು ಒಟ್ಟಿಗೆ ಮಲಗುತ್ತವೆ, ಬೇರೆ ಅಂಕಿಯವು ಒಂದಾದ ಮೇಲೆ ಒಂದು. ಪ್ರತಿ ಯಂತ್ರಕ್ಕೆ 180 ಸೆಕೆಂಡ್ ಕಾಯುವುದು ಮೂಲ ನಿಯಮವಾದ್ದರಿಂದ ಮೂರು ಸುತ್ತಿಗೆ ಕೆಟ್ಟ ಪಕ್ಷ 9 ನಿಮಿಷ ಬೇಕು. ಯುಪಿಎಸ್ 12 ನಿಮಿಷ ಎಳೆಯುವುದಾದರೆ, ಕರೆಂಟು ಹೋಗಿ ಎರಡು ನಿಮಿಷದೊಳಗೆ ಮಲಗಿಸುವ ಕೆಲಸ ಆರಂಭವಾಗಲೇಬೇಕು. ಗೆಸ್ಟ್ ಏಜೆಂಟ್ ಇಲ್ಲದ ವಿಂಡೋಸ್ ಯಂತ್ರ ಮಲಗು ಎಂದರೆ ಕೆಲವೊಮ್ಮೆ ಕಿವಿಗೊಡುವುದಿಲ್ಲ, ಪೂರ್ತಿ 180 ಸೆಕೆಂಡನ್ನು ನುಂಗುತ್ತದೆ.

ಹಂತ 9: ಪರೀಕ್ಷೆ

ಸ್ಕ್ರಿಪ್ಟ್‌ಗೆ ಗಂಟೆಯನ್ನು ಹೊರಗಿನಿಂದ ಕೊಡುವ ಸೌಲಭ್ಯ ಇಟ್ಟುಕೊಳ್ಳಿ. ಗಡಿಯಾರವನ್ನು ತಿರುಗಿಸಿ ಪರೀಕ್ಷಿಸಬೇಡಿ. 0859, 0900, 1829, 1830, 2359, 0000, 0359, 0400 ಈ ಎಂಟು ಗಂಟೆಗಳನ್ನು ಕೊಟ್ಟು, ಬಂದ ಪಾಲನ್ನು ಕಾಗದದೊಂದಿಗೆ ತಾಳೆ ನೋಡಿ. ನಂತರ ಪರೀಕ್ಷಾ ಯಂತ್ರದಲ್ಲಿ ಸ್ಟ್ರೆಸ್-ಎನ್‌ಜಿಯಿಂದ ಎಲ್ಲ ಕೋರ್‌ಗಳಿಗೂ ಕೆಲಸ ಕೊಟ್ಟು, ಲೆಕ್ಕಪತ್ರದ ಯಂತ್ರದಲ್ಲಿ ಒಂದು ದೊಡ್ಡ ವರದಿ ತೆರೆಯಿರಿ. ವರದಿಯ ಸಮಯ ಮೊದಲಿನಷ್ಟೇ ಇದ್ದರೆ ಪಾಲು ಕೆಲಸ ಮಾಡುತ್ತಿದೆ.

ಕೊನೆಯದಾಗಿ, ಯಾರಿಗೂ ಕೆಲಸವಿಲ್ಲದ ಭಾನುವಾರ, ಬ್ಯಾಕಪ್ ಸರಿಯಿದೆ ಎಂದು ಖಚಿತಪಡಿಸಿಕೊಂಡು, ಯುಪಿಎಸ್‌ಗೆ ಬರುವ ಪ್ಲಗ್ ಅನ್ನು ಕಿತ್ತು ಗಡಿಯಾರ ಹಿಡಿದು ಕುಳಿತುಕೊಳ್ಳಿ.

ಎಚ್ಚರಿಕೆಯ ಚಿಹ್ನೆಗಳು

ಲಾಗ್‌ನಲ್ಲಿ ಒಂದೇ ಯಂತ್ರದ ಪಾಲು ಐದು ನಿಮಿಷಕ್ಕೊಮ್ಮೆ ಬದಲಾಗುತ್ತಿದ್ದರೆ ಅದೇ ಪಾಲನ್ನು ಬದಲಾಯಿಸುವ ಇನ್ನೊಂದು ಕ್ರಾನ್ ಸಾಲು ಎಲ್ಲೋ ಓಡುತ್ತಿರಬಹುದು. ಎರಡು ದಿನ ಯಾವ ಬದಲಾವಣೆಯೂ ದಾಖಲಾಗದಿದ್ದರೆ ಟೈಮರ್ ನಿಂತಿದೆ; ಸಿಸ್ಟಮ್‌ಸಿಟಿಎಲ್ ಲಿಸ್ಟ್-ಟೈಮರ್ಸ್ ಆದೇಶದಲ್ಲಿ ಮುಂದಿನ ಓಟದ ಸಮಯವನ್ನು ನೋಡಿ. ಬೀಗದ ಸೋಲು ಬೆಳಿಗ್ಗೆ ಹತ್ತರ ನಂತರವೂ ಬರುತ್ತಿದ್ದರೆ ಬ್ಯಾಕಪ್ ರಾತ್ರಿಯೊಳಗೆ ಮುಗಿಯುತ್ತಿಲ್ಲ ಎಂದರ್ಥ, ಅದನ್ನು ಬೇಗ ಆರಂಭಿಸಬೇಕು. ಪಾಲು ಸರಿಯಿದ್ದೂ ಸಿಪಿಯು ಪ್ರೆಶರ್‌ನ 300 ಸೆಕೆಂಡಿನ ಅಂಕಿ ದಿನವಿಡೀ 40ಕ್ಕಿಂತ ಮೇಲಿದ್ದರೆ ಹಳ್ಳದಲ್ಲಿ ನೀರೇ ಸಾಲುತ್ತಿಲ್ಲ. ಪರೀಕ್ಷಾ ಯಂತ್ರವನ್ನು ಬೇರೆ ಸರ್ವರ್‌ಗೆ ಸಾಗಿಸಿ.